ಹಳೆಯ ಗೇಮ್ ಕನ್ಸೋಲಿಗೆ ಯಾವ ಖಾಲಿ ಸೀಡಿ, ಎಷ್ಟು ಸ್ಪೀಡು?

ಪ್ರಶ್ನೆ: ನಮಸ್ಕಾರ ಸರ್. ನಾನು ಗದಗ-ಬೆಟಗೇರಿಯವ. ಮನಿಯಾಗ ಮೂರು ಹಳೇ ಕನ್ಸೋಲ್ ಅದಾವ. ಚಿಪ್ ಹಾಕಿಸಿದ ಪ್ಲೇಸ್ಟೇಷನ್ 1, ಮಾಡೆಲ್ ಎಸ್‌ಸಿಪಿಎಚ್-9002. ನಮ್ಮ ಮಾಮಾ ದುಬೈಯಿಂದ ತಂದುಕೊಟ್ಟ ಡ್ರೀಮ್‌ಕಾಸ್ಟ್. ಮತ್ತ ಒಂದು ಸ್ಲಿಮ್ ಪಿಎಸ್2. ಒರಿಜಿನಲ್ ಡಿಸ್ಕಿಗೆ ಗೀರು ಬಿದ್ದಾವ, ಪೂರಾ ಹಾಳಾಗೂದ್ರೊಳಗ ಕಾಪಿ ಮಾಡಿ ಇಟ್ಕೋಬೇಕಂತ ಹುಬ್ಬಳ್ಳಿಗೆ ಹೋಗಿ 50 ಖಾಲಿ ಸೀಡಿ ಇರೋ ಡಬ್ಬಿ ತಂದೆ. ಮ್ಯಾಲೆ 52 ಎಕ್ಸ್ ಅಂತ ಬರದಾರ. ಅಂಗಡಿಯವರು "1 ಎಕ್ಸ್‌ನ್ಯಾಗ ಬರ್ನ್ ಮಾಡ್ರಿ, ಇಲ್ಲಾಂದ್ರ ಓಡೂದಿಲ್ಲ" ಅಂದ್ರು. ನನ್ನ ಯುಎಸ್‌ಬಿ ರೈಟರ್ 10, 16, 24 ಇಷ್ಟ ತೋರಸ್ತದ. 10ರಾಗ ಮಾಡಿದೆ. ಪಿಎಸ್1ನ್ಯಾಗ ನಾಕರಾಗ ಎರಡು ಸುರು ಆಗ್ತಾವ, ಆದ್ರ ನಡುವಿನ ವಿಡಿಯೋ ತಡದು ತಡದು ಬರ್ತದ. ಒಂದು ಗೇಮ್‌ನ್ಯಾಗ ಮ್ಯೂಸಿಕ್ಕ ಇಲ್ಲ. ಡ್ರೀಮ್‌ಕಾಸ್ಟ್ ಒರಿಜಿನಲ್ ಲ್ಯಾಪ್‌ಟಾಪ್‌ನ್ಯಾಗ ಕಾಪೀನ ಆಗವಲ್ದು. ಗೆಳ್ಯಾ ಒಬ್ಬ "ಬರ್ನ್ ಮಾಡಿದ ಸೀಡಿ ಹಾಕಿದ್ರ ಲೇಸರ್ ಸುಟ್ಟು ಹೋಗ್ತದ" ಅಂತಾನ. ಖರೇ ಏನ್ರಿ? ಕರೀ ತಳದ ಸೀಡಿ ಚಲೋ ಅಂತಾರ, ಅದನ್ನ ಹುಡುಕಬೇಕೇನು? ಪಿಎಸ್2ಕ್ಕ ಡಿವಿಡಿ ಮೈನಸ್ ಆರ್ ತಗೊಳ್ಳೋದೋ, ಪ್ಲಸ್ ಆರ್ ತಗೊಳ್ಳೋದೋ?

ಉತ್ತರ: ನೀವು ಹೇಳಿದ ತೊಂದರೆಗಳು ಒಂದೇ ಜಾತಿಯವಲ್ಲ. ಮ್ಯೂಸಿಕ್ ಬರದಿರುವುದಕ್ಕೂ ಬರ್ನ್ ಸ್ಪೀಡಿಗೂ ಸಂಬಂಧವಿಲ್ಲ. ಅದು ಫೈಲಿನ ತಪ್ಪು. ಡ್ರೀಮ್‌ಕಾಸ್ಟ್ ಡಿಸ್ಕ್ ಕಾಪಿಯಾಗದಿರುವುದು ನಿಮ್ಮ ತಪ್ಪೂ ಅಲ್ಲ, ರೈಟರಿನ ತಪ್ಪೂ ಅಲ್ಲ. ವಿಡಿಯೋ ತಡೆಯುವುದಕ್ಕೆ ಮಾತ್ರ ಡಿಸ್ಕು, ರೈಟರು, ಕನ್ಸೋಲಿನ ಲೆನ್ಸು ಮೂರರಲ್ಲಿ ಯಾವುದಾದರೂ ಕಾರಣವಾಗಿರಬಹುದು. ಅದನ್ನು ಕಂಡುಕೊಳ್ಳಲು ಮೊದಲ ಪರೀಕ್ಷೆಗೆ ಖರ್ಚೇನೂ ಇಲ್ಲ: ಗೀರಿಲ್ಲದ ಒಂದು ಒರಿಜಿನಲ್ ಪಿಎಸ್1 ಡಿಸ್ಕ್ ಹಾಕಿ, ಉದ್ದದ ವಿಡಿಯೋ ಇರುವ ಕಡೆ ನೋಡಿ. ಒರಿಜಿನಲ್ಲೂ ತಡೆದು ತಡೆದು ಬಂದರೆ ಖಾಲಿ ಸೀಡಿ ಬದಲಿಸಿ ಪ್ರಯೋಜನವಿಲ್ಲ, ಲೆನ್ಸಿನ ಕಡೆ ಹೋಗಬೇಕು. ಒರಿಜಿನಲ್ ಸರಾಗವಾಗಿ ಓಡಿದರೆ ಮುಂದಿನದನ್ನು ಓದಿ.

1 ಎಕ್ಸ್ ಮಾತು ಎಲ್ಲಿಂದ ಬಂತು

ಅಂಗಡಿಯವರು ಸುಳ್ಳು ಹೇಳಿಲ್ಲ, ಹಳೆಯ ಸತ್ಯ ಹೇಳಿದ್ದಾರೆ. 1990ರ ದಶಕದ ನಡುವೆ ರೈಟರುಗಳ ವೇಗವೇ 1, 2, ಹೆಚ್ಚೆಂದರೆ 4 ಎಕ್ಸ್ (1 ಎಕ್ಸ್ ಎಂದರೆ ಹಾಡಿನ ಸೀಡಿ ಓಡುವ ಮಾಮೂಲಿ ವೇಗ). ಆಗಿನ ಖಾಲಿ ಸೀಡಿಯ ಬಣ್ಣದ ಪದರವೂ ಆ ವೇಗಕ್ಕೆ ತಕ್ಕಂತೆ ದಪ್ಪವಾಗಿತ್ತು. ಮೇಲಾಗಿ ಕಂಪ್ಯೂಟರ್ ಅರೆಕ್ಷಣ ತಡಮಾಡಿದರೂ ರೈಟರಿನ ಬಫರ್ (ಬರೆಯುವ ಮುಂಚೆ ಮಾಹಿತಿ ಕೂಡಿಡುವ ಜಾಗ) ಬರಿದಾಗಿ ಡಿಸ್ಕ್ ಹಾಳಾಗುತ್ತಿತ್ತು. 2000ದಲ್ಲಿ ಸಾನ್ಯೋ ಕಂಪನಿಯ ಬರ್ನ್-ಪ್ರೂಫ್‌ನಂಥ ರಕ್ಷಣೆ ಬರುವವರೆಗೆ ನಿಧಾನವಾಗಿ ಬರೆಯುವುದೇ ಜಾಣತನವಾಗಿತ್ತು.

ಈಗಿನ 52 ಎಕ್ಸ್ ಡಿಸ್ಕಿನ ಲೆಕ್ಕ ಬೇರೆ. ಅದರ ಬಣ್ಣದ ಪದರ ತೆಳು, ಬಲು ಬೇಗ ಬಿಸಿಗೆ ಸ್ಪಂದಿಸುವಂಥದ್ದು. ಲೇಸರ್ ಬಿಸಿ ಮಾಡಿದಲ್ಲೆಲ್ಲ ಒಂದೊಂದು ಗುರುತು ಬೀಳುತ್ತದೆ, ಆ ಗುರುತಿನ ಉದ್ದವೇ ಮಾಹಿತಿ. ಇಂಥ ಪದರದ ಮೇಲೆ ತೀರಾ ನಿಧಾನವಾಗಿ ಬರೆದರೆ ಬಿಸಿ ಅಕ್ಕಪಕ್ಕಕ್ಕೆ ಹರಡಿ ಗುರುತಿನ ಅಂಚು ಮಸುಕಾಗುತ್ತದೆ. ಉದ್ದದಲ್ಲಿ ಏರುಪೇರಾಗಿ ಓದುವಾಗ ಎರರ್ ಹೆಚ್ಚುತ್ತದೆ.

ಇನ್ನೂ ಮುಖ್ಯವಾದ ಸಂಗತಿ ರೈಟರಿನ ಫರ್ಮ್‌ವೇರ್, ಅಂದರೆ ಅದರೊಳಗೇ ಅಡಕವಾಗಿರುವ ಸಾಫ್ಟ್‌ವೇರ್. ಯಾವ ಕಂಪನಿಯ ಡಿಸ್ಕಿಗೆ, ಯಾವ ವೇಗದಲ್ಲಿ, ಎಷ್ಟು ಶಕ್ತಿಯ ಲೇಸರ್ ಹೇಗೆ ಮಿಡಿಯಬೇಕು ಎಂಬ ಪಟ್ಟಿ ಅದರೊಳಗಿರುತ್ತದೆ. ಬರೆಯುವ ಮುಂಚೆ ಡಿಸ್ಕಿನ ಒಳ ಅಂಚಿನಲ್ಲಿ ಶಕ್ತಿಯನ್ನು ಪರೀಕ್ಷಿಸಿಕೊಳ್ಳುವುದೂ ಆ ಪಟ್ಟಿಯ ಆಧಾರದ ಮೇಲೆಯೇ. ಹೊಸ ಡ್ರೈವ್‌ಗಳಲ್ಲಿ 52 ಎಕ್ಸ್ ಡಿಸ್ಕಿಗೆ 1 ಎಕ್ಸ್ ಎಂಬ ಸಾಲೇ ಇರುವುದಿಲ್ಲ. ಸಾಫ್ಟ್‌ವೇರಿನಲ್ಲಿ 1 ಎಂದು ಆರಿಸಿದರೂ ಡ್ರೈವ್ ತನಗೆ ಗೊತ್ತಿರುವ ಕನಿಷ್ಠ ವೇಗದಲ್ಲೇ ಬರೆಯುತ್ತದೆ. ನಿಮ್ಮ ರೈಟರ್ ತೋರಿಸುವ 10 ಎಂಬುದು ಅದಕ್ಕೆ ಸಾಧ್ಯವಿರುವ ಕಡಿಮೆ ವೇಗ. ಅದೇ ಒಳ್ಳೆಯ ವೇಗ ಎಂದೇನಿಲ್ಲ.

ಹಾಗಂತ 52ರಲ್ಲಿ ಬರೆಯಬೇಡಿ. ಆ ವೇಗದಲ್ಲಿ ಡಿಸ್ಕ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಅಗ್ಗದ ಡಿಸ್ಕಿನ ತೂಕ ಎಲ್ಲ ಕಡೆ ಸಮ ಇರುವುದಿಲ್ಲ, ಅದು ತೊನೆಯುತ್ತದೆ, ಹೊರ ಅಂಚಿಗೆ ಬಂದಂತೆ ಎರರ್ ಏರುತ್ತದೆ. ಡೆಸ್ಕ್‌ಟಾಪಿನ ದೊಡ್ಡ ಡ್ರೈವ್‌ಗಳಲ್ಲಿ ನನ್ನ ಆಯ್ಕೆ 16 ಎಕ್ಸ್. ಹಲವು ಡ್ರೈವ್‌ಗಳು ಅಲ್ಲಿಯವರೆಗೆ ಒಳಗಿನಿಂದ ಹೊರಗಿನವರೆಗೂ ಒಂದೇ ವೇಗ ಇಟ್ಟುಕೊಂಡು ಬರೆಯುತ್ತವೆ. 24ರಿಂದ ಮೇಲೆ ಒಳಗೆ ನಿಧಾನ ಶುರುಮಾಡಿ ಹೊರಗೆ ಹೋದಂತೆ ವೇಗ ಏರಿಸುತ್ತವೆ. 80 ನಿಮಿಷದ ಪೂರ್ತಿ ಡಿಸ್ಕಿಗೆ 16ರಲ್ಲಿ ಐದು ನಿಮಿಷ, ಹಿಂದೆ ಮುಂದೆ ಇನ್ನೊಂದು ನಿಮಿಷ. ಇದಕ್ಕಿಂತ ನಿಧಾನ ಮಾಡಿ ಗಳಿಸುವುದೇನೂ ಇಲ್ಲ.

ರೈಟರಿನ ಕಥೆ

ಬಹಳ ಜನ ಡಿಸ್ಕ್ ಬದಲಿಸುತ್ತಾರೆ, ಸ್ಪೀಡ್ ಬದಲಿಸುತ್ತಾರೆ, ರೈಟರ್ ಮಾತ್ರ ಬದಲಿಸುವುದಿಲ್ಲ. ಲ್ಯಾಪ್‌ಟಾಪಿಗೆ ಹಚ್ಚುವ ತೆಳು ಯುಎಸ್‌ಬಿ ರೈಟರ್ ಈ ಕೆಲಸಕ್ಕೆ ಅತ್ಯಂತ ಬಡಪಾಯಿ ಸಾಧನ. ಯುಎಸ್‌ಬಿ 2 ಪೋರ್ಟ್ ಲೆಕ್ಕದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್; ಬರೆಯುವಾಗ ಮೋಟರು, ಲೇಸರು ಎರಡೂ ಸೇರಿ ಕೇಳುವುದು ಅದಕ್ಕಿಂತ ಹೆಚ್ಚು. ಕರೆಂಟು ಕುಸಿದಾಗ ಬರೆದ ಗುರುತು ಮಂಕಾಗುತ್ತದೆ, ಆದರೆ ಸಾಫ್ಟ್‌ವೇರ್ "ಯಶಸ್ವಿ" ಎಂದೇ ತೋರಿಸುತ್ತದೆ. ನಿಮ್ಮ ರೈಟರಿಗೆ ಎರಡು ಬಾಲದ ಕೇಬಲ್ ಬಂದಿದ್ದರೆ ಎರಡನ್ನೂ ಚುಚ್ಚಿ. ಇಲ್ಲವಾದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಹಚ್ಚಿ.

ಇದಕ್ಕಿಂತ ಒಳ್ಳೆಯ ದಾರಿ, ಹಳೆಯ ಡೆಸ್ಕ್‌ಟಾಪಿನಿಂದ ಬಿಚ್ಚಿದ ಸಾಟಾ ಡಿವಿಡಿ ರೈಟರ್ ಮತ್ತು 12 ವೋಲ್ಟ್ ಅಡಾಪ್ಟರ್ ಸಮೇತ ಬರುವ ಸಾಟಾ-ಯುಎಸ್‌ಬಿ ಕೇಬಲ್. ಅಡಾಪ್ಟರ್ ಇಲ್ಲದ ಕೇಬಲ್ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿಗೆ ಮಾತ್ರ ಸಾಕು, ದೊಡ್ಡ ಡ್ರೈವಿಗೆ ಆಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಕಂಪ್ಯೂಟರ್ ರಿಪೇರಿ ಅಂಗಡಿಗಳ ಮೂಲೆಯಲ್ಲಿ ಇಂಥ ಡ್ರೈವ್‌ಗಳು ಧೂಳು ತಿನ್ನುತ್ತ ಬಿದ್ದಿರುತ್ತವೆ, ಕೇಳಿದರೆ ಸಿಗುತ್ತವೆ. ಲೈಟ್-ಆನ್ ಕಂಪನಿಯದು ಸಿಕ್ಕರೆ ಇನ್ನೂ ಒಂದು ಅನುಕೂಲ: ಬರೆದ ಡಿಸ್ಕಿನ ಎರರ್ ಎಷ್ಟಿದೆ ಎಂದು ಅಳೆದು ತೋರಿಸಬಲ್ಲ ಡ್ರೈವ್‌ಗಳು ಅದರಲ್ಲಿ ಹಲವಿವೆ.

ಡಬ್ಬಿಯ ಮೇಲಿನ ಹೆಸರು, ಒಳಗಿನ ಡಿಸ್ಕು

ಖಾಲಿ ಸೀಡಿಯ ಡಬ್ಬಿಯ ಮೇಲಿರುವುದು ಮಾರುವವರ ಹೆಸರು. ತಯಾರಿಸಿದವರು ಬೇರೆಯೇ ಇರುತ್ತಾರೆ. ಜಪಾನಿನ ತೈಯೋ ಯುಡೆನ್ ಡಿಸ್ಕುಗಳನ್ನು ಜಗತ್ತಿನಾದ್ಯಂತ ಗೇಮ್ ಪ್ರಿಯರು ಹೊಗಳುತ್ತಿದ್ದರು. ಆ ಕಂಪನಿ 2015ರ ಕೊನೆಗೆ ಈ ವ್ಯಾಪಾರ ನಿಲ್ಲಿಸಿತು. ಮಿತ್ಸುಬಿಷಿಯ ಕೈಯಲ್ಲಿದ್ದ ವರ್ಬೇಟಿಮ್ 2019ರಲ್ಲಿ ತೈವಾನಿನ ಸಿಎಂಸಿ ಮ್ಯಾಗ್ನೆಟಿಕ್ಸ್‌ಗೆ ಮಾರಾಟವಾಯಿತು. ನಮ್ಮದೇ ಮೋಸರ್‌ಬೇರ್ ಒಂದು ಕಾಲಕ್ಕೆ ಊರೂರಲ್ಲಿ ಸಿಗುತ್ತಿತ್ತು. 2018ರಲ್ಲಿ ನ್ಯಾಯಮಂಡಳಿ ಅದರ ಆಸ್ತಿ ವಿಲೇವಾರಿಗೆ ಆದೇಶ ಮಾಡಿತು. ಇವತ್ತು ಯಾರಾದರೂ ಆ ಹೆಸರಿನ ಸೀಲ್ ಒಡೆಯದ ಡಬ್ಬಿ ಕೊಟ್ಟರೆ ಅದು ಹಳೆಯ ದಾಸ್ತಾನು. ಬರೆಯದ ಡಿಸ್ಕಿನ ಬಣ್ಣ ಇಟ್ಟಲ್ಲೇ ಮುಪ್ಪಾಗುತ್ತದೆ. ತಗಡಿನ ಮಾಡಿನ ಗೋದಾಮಿನಲ್ಲಿ ನಮ್ಮ ಏಪ್ರಿಲ್-ಮೇ ಬಿಸಿಲು ಹಲವು ಸಲ ಕಂಡ ಡಿಸ್ಕ್ ಅಗ್ಗಕ್ಕೆ ಸಿಕ್ಕಿತೆಂದು ಸಂತೋಷಪಡಬೇಡಿ.

ತಯಾರಕರು ಯಾರೆಂದು ನೋಡಲು ಖಾಲಿ ಡಿಸ್ಕ್ ರೈಟರಿನಲ್ಲಿಟ್ಟು ಇಮ್ಗ್‌ಬರ್ನ್ ಎಂಬ ಉಚಿತ ಸಾಫ್ಟ್‌ವೇರ್ ತೆರೆಯಿರಿ. ಬಲಬದಿಯಲ್ಲಿ ಏಟಿಪ್ ಮಾಹಿತಿ ಕಾಣುತ್ತದೆ. ಖಾಲಿ ಡಿಸ್ಕಿನ ಸುರುಳಿ ತೋಡಿನಲ್ಲಿ ಕಾರ್ಖಾನೆಯಲ್ಲೇ ಕೊರೆದ ಗುರುತು ಅದು. ನಿಮಿಷ, ಸೆಕೆಂಡ್, ಫ್ರೇಮ್ ರೂಪದ ಸಂಖ್ಯೆ. 97-24-01 ಎಂದರೆ ತೈಯೋ ಯುಡೆನ್, 97-34-23 ಮಿತ್ಸುಬಿಷಿ, 97-26-66 ಸಿಎಂಸಿ, 97-15-17 ರೈಟೆಕ್, 97-17-06 ಮೋಸರ್‌ಬೇರ್. ಇದನ್ನು ಪೂರ್ತಿ ನಂಬಲೂ ಆಗದು. ಇದು ಅಚ್ಚಿನ ಮೂಲ ಹೇಳುತ್ತದೆ, ಆ ವಾರದ ಉತ್ಪಾದನೆ ಹೇಗಿತ್ತೆಂದು ಹೇಳುವುದಿಲ್ಲ. ಅಚ್ಚನ್ನು ಬೇರೆಯವರು ಬಳಸಿ ತೆಗೆದ ಡಿಸ್ಕುಗಳೂ ಇವೆ. ಆದರೂ ಎರಡು ಡಬ್ಬಿ ಬೇರೆ ಬೇರೆ ಹೆಸರಿನಲ್ಲಿದ್ದು ಒಂದೇ ಸಂಖ್ಯೆ ತೋರಿಸಿದರೆ ಹೆಚ್ಚಿನ ದುಡ್ಡು ಕೊಡುವ ಮುಂಚೆ ಯೋಚಿಸಬಹುದು.

ಬಣ್ಣದ ವಿಷಯ. ಸೀಡಿ-ಆರ್‌ನಲ್ಲಿ ಮೂರು ಬಗೆಯ ರಾಸಾಯನಿಕ ಬಳಕೆಯಲ್ಲಿವೆ. ಸಯನಿನ್ ಹಸಿರು-ನೀಲಿ, ಏಜೋ ಗಾಢ ನೀಲಿ, ಥ್ಯಾಲೋಸಯನಿನ್ ಬಹುತೇಕ ಪಾರದರ್ಶಕವಾಗಿದ್ದು ಬೆಳ್ಳಿಯಂತೆಯೋ ತೆಳು ಹಸಿರಾಗಿಯೋ ಕಾಣುತ್ತದೆ. ಬಿಸಿಲಿಗೆ, ಕಾಲಕ್ಕೆ ಹೆಚ್ಚು ತಾಳುವುದು ಥ್ಯಾಲೋಸಯನಿನ್. ಬರೆಯುವಾಗ ಲೇಸರಿನ ಶಕ್ತಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸಹಿಸಿಕೊಳ್ಳುವುದು ಸಯನಿನ್ ಮತ್ತು ಏಜೋ. ಹಳೆಯ ಕನ್ಸೋಲಿಗೆ ಏಜೋ ಚೆನ್ನ ಎನ್ನುವುದು ಇದೇ ಕಾರಣಕ್ಕೆ. ವರ್ಬೇಟಿಮ್ ಎಂದ ಮಾತ್ರಕ್ಕೆ ಏಜೋ ಅಲ್ಲ. ಡಬ್ಬಿಯ ಮೇಲೆ ಏಜೋ ಎಂದೇ ಅಚ್ಚಾಗಿರಬೇಕು, ತಳ ಕಡುನೀಲಿ ಇರಬೇಕು. ಈಗ ಪೇಟೆಯಲ್ಲಿ ಸಿಗುವ ಬಹುಪಾಲು ಡಿಸ್ಕು ಥ್ಯಾಲೋಸಯನಿನ್. ಒಳ್ಳೆಯ ಡ್ರೈವಿನಲ್ಲಿ 16ರಲ್ಲಿ ಬರೆದರೆ ಅದೂ ಚೆನ್ನಾಗಿಯೇ ಓಡುತ್ತದೆ.

ಡಬ್ಬಿ ಒಡೆದ ಮೇಲೆ ಒಂದೆರಡು ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿಮೊನೆಯಂಥ ಬೆಳಕಿನ ತೂತುಗಳು, ಬಣ್ಣದಲ್ಲಿ ಮೋಡದಂಥ ಕಲೆ, ಹೊರ ಅಂಚಿನಲ್ಲಿ ಅಂಕುಡೊಂಕಾಗಿ ನಿಂತ ಬಣ್ಣ ಕಂಡರೆ ಆ ಡಬ್ಬಿಯನ್ನು ಗೇಮಿಗೆ ಬಳಸಬೇಡಿ.

ಕರೀ ತಳದ ಸೀಡಿಯನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಪಿಎಸ್1 ಒರಿಜಿನಲ್ ಕಪ್ಪಾಗಿ ಕಾಣುವುದು ಪ್ಲಾಸ್ಟಿಕ್ಕಿಗೆ ಬೆರೆಸಿದ ಬಣ್ಣದಿಂದ. ಸೀಡಿ ಓದುವ ಲೇಸರಿನ ತರಂಗಾಂತರ 780 ನ್ಯಾನೋಮೀಟರ್, ಅಂದರೆ ಅತಿಗೆಂಪು. ನಮ್ಮ ಕಣ್ಣಿಗೆ ಕಪ್ಪಾದದ್ದು ಅದಕ್ಕೆ ಗಾಜಿನಂತೆ ತಿಳಿ. ಒರಿಜಿನಲ್ ಎಂದು ಕನ್ಸೋಲ್ ಗುರುತಿಸುವುದೂ ಬಣ್ಣದಿಂದಲ್ಲ, ಡಿಸ್ಕಿನ ಒಳಭಾಗದ ಸುರುಳಿ ತೋಡನ್ನು ಸೂಕ್ಷ್ಮವಾಗಿ ಓಲಾಡುವಂತೆ ಕೊರೆದು ಅದರಲ್ಲಿ ಅಡಗಿಸಿದ ನಾಲ್ಕಕ್ಷರದ ಸಂಕೇತದಿಂದ. ಮನೆಯ ರೈಟರ್ ಅದನ್ನು ಬರೆಯಲಾರದು. ನಿಮ್ಮ ಪಿಎಸ್1ನ ಚಿಪ್ ಮಾಡುವ ಕೆಲಸ ಆ ಸಂಕೇತವನ್ನು ತಾನೇ ಒದಗಿಸುವುದು.

650 ಎಂಬಿ, ಅಂದರೆ 74 ನಿಮಿಷದ ಸೀಡಿಯ ತೋಡಿನ ಸುತ್ತುಗಳ ನಡುವಿನ ಅಂತರ 1.6 ಮೈಕ್ರಾನ್; 700 ಎಂಬಿಯಲ್ಲಿ ಸುಮಾರು 1.5. ಸಿಕ್ಕರೆ 74 ತಗೊಳ್ಳಿ, ಆದರೆ ಈಗ ಸಿಗುವುದು ಅಪರೂಪ, 80 ನಿಮಿಷದ್ದೇ ಸಾಕು. 90, 99 ನಿಮಿಷದ ಡಿಸ್ಕ್ ಮುಟ್ಟಬೇಡಿ. ಸೀಡಿ-ಆರ್‌ಡಬ್ಲ್ಯೂ ಕೂಡ ಬೇಡ: ಸಾಮಾನ್ಯ ಸೀಡಿ ಬೆಳಕಿನ ಸುಮಾರು 70 ಪ್ರತಿಶತ ವಾಪಸ್ ಕೊಟ್ಟರೆ ಅದು ಕೊಡುವುದು 15ರಿಂದ 25 ಪ್ರತಿಶತ. ಆ ಕಾಲದ ಕನ್ಸೋಲಿನ ಕಣ್ಣಿಗೆ ಅದು ಖಾಲಿ ತಟ್ಟೆ ಇದ್ದಂತೆ.

ಮ್ಯೂಸಿಕ್ ಎಲ್ಲಿ ಹೋಯಿತು

ಹಲವು ಪಿಎಸ್1 ಗೇಮ್‌ಗಳಲ್ಲಿ ಮೊದಲ ಟ್ರ್ಯಾಕ್ ಮಾತ್ರ ಗೇಮಿನ ಮಾಹಿತಿ, ಎರಡನೆಯದರಿಂದ ಮುಂದೆ ಮಾಮೂಲಿ ಆಡಿಯೋ ಸೀಡಿಯಂತೆ ಹಾಡುಗಳು. ನೀವು ಐಎಸ್ಒ ಫೈಲ್ ಮಾಡಿಕೊಂಡಿದ್ದರೆ ಅಥವಾ ಫೋಲ್ಡರಿನಿಂದ ಫೈಲುಗಳನ್ನು ಎಳೆದು ಹಾಕಿದ್ದರೆ ಮೊದಲ ಟ್ರ್ಯಾಕ್ ಅಷ್ಟೇ ಬಂದಿರುತ್ತದೆ. ಗೇಮ್ ಓಡುತ್ತದೆ, ಮ್ಯೂಸಿಕ್ ಇರುವುದಿಲ್ಲ.

ಐಎಸ್ಒ ಇನ್ನೊಂದು ಹಾನಿಯನ್ನೂ ಮಾಡುತ್ತದೆ, ನಿಮ್ಮ ವಿಡಿಯೋ ತಡೆಯುವುದಕ್ಕೂ ಅದೇ ಕಾರಣವಿರಬಹುದು. ಸೀಡಿಯ ಒಂದು ಸೆಕ್ಟರ್ 2,352 ಬೈಟ್. ಸಾಮಾನ್ಯ ಡೇಟಾ ಸೆಕ್ಟರಿನಲ್ಲಿ 2,048 ಬೈಟ್ ಮಾಹಿತಿ, ಉಳಿದದ್ದರಲ್ಲಿ ಬಹುಪಾಲು ತಪ್ಪು ತಿದ್ದುವ ಸಂಕೇತ. ಪಿಎಸ್1 ವಿಡಿಯೋದ ಜೊತೆಗಿನ ಧ್ವನಿಗೆ ಬಳಸುವ ಮೋಡ್ 2 ಫಾರ್ಮ್ 2 ಎಂಬ ಬಗೆಯ ಸೆಕ್ಟರಿನಲ್ಲಿ 2,324 ಬೈಟ್ ಮಾಹಿತಿ ಇರುತ್ತದೆ. ಐಎಸ್ಒ ಪ್ರತಿ ಸೆಕ್ಟರಿನಿಂದ 2,048 ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿ ಬಿಸಾಡುತ್ತದೆ. ಹೆಚ್ಚು ಮಾಹಿತಿ ತುಂಬಲು ಫಾರ್ಮ್ 2ರಲ್ಲಿ ಆ ಹೆಚ್ಚುವರಿ ತಿದ್ದುಪಡಿ ಸಂಕೇತವನ್ನೇ ಬಿಟ್ಟಿದ್ದಾರೆ. ಆದ್ದರಿಂದ ಡಿಸ್ಕ್ ಸ್ವಲ್ಪ ಕೆಟ್ಟದಾಗಿ ಬರೆದಿದ್ದರೂ ಮೊದಲು ಏಟು ತಿನ್ನುವುದು ವಿಡಿಯೋದ ಭಾಗ. ಆಟ ಸರಿಯಾಗಿ ನಡೆದು ವಿಡಿಯೋ ಮಾತ್ರ ತಡೆಯುವುದು ಇದರಿಂದಲೂ ಇರಬಹುದು. ಹೊಸ ಡಿಸ್ಕನ್ನು ಪರೀಕ್ಷಿಸುವಾಗ ಉದ್ದದ ವಿಡಿಯೋ ಓಡಿಸಿ ನೋಡಿ ಎನ್ನುವುದೂ ಇದಕ್ಕೇ.

ಮಾಡಬೇಕಾದದ್ದು ಹೀಗೆ. ಒರಿಜಿನಲ್ ಡಿಸ್ಕಿನ ತಳವನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ; ಸುತ್ತು ಹಾಕಿ ಒರೆಸಬೇಡಿ. ಇಮ್ಗ್‌ಬರ್ನ್‌ನ ಓದುವ ವಿಭಾಗದಲ್ಲಿ 8 ಎಕ್ಸ್ ಆರಿಸಿ ಡಿಸ್ಕಿನಿಂದ ಇಮೇಜ್ ತೆಗೆಯಿರಿ. ಬಿನ್ ಮತ್ತು ಕ್ಯೂ ಎಂದು ಎರಡು ಫೈಲ್ ಬರಬೇಕು. ಮಾಹಿತಿಯೆಲ್ಲ ಬಿನ್‌ನಲ್ಲಿ, ಯಾವ ಟ್ರ್ಯಾಕ್ ಎಲ್ಲಿ ಶುರು ಎಂಬ ಪಟ್ಟಿ ಕ್ಯೂದಲ್ಲಿ. ಬರೆಯುವಾಗ ಆರಿಸಬೇಕಾದದ್ದು ಕ್ಯೂ ಫೈಲ್. ಎರಡೂ ಒಂದೇ ಫೋಲ್ಡರಿನಲ್ಲಿರಲಿ. ಬಿನ್‌ನ ಹೆಸರು ಬದಲಿಸಿದರೆ ಕ್ಯೂ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಸಾಲಿನಲ್ಲೂ ಬದಲಿಸಿ. ಬೇರೆ ಸಾಫ್ಟ್‌ವೇರ್ ಬಳಸುವುದಾದರೆ ಡಿಸ್ಕ್-ಅಟ್-ಒನ್ಸ್, ಅಂದರೆ ಇಡೀ ಡಿಸ್ಕನ್ನು ಒಂದೇ ಓಟಕ್ಕೆ ಬರೆಯುವ ವಿಧಾನವನ್ನೇ ಆರಿಸಿ. ಟ್ರ್ಯಾಕ್-ಅಟ್-ಒನ್ಸ್ ಆರಿಸಿದರೆ ಪ್ರತಿ ಟ್ರ್ಯಾಕಿನ ಕೊನೆಗೆ ಲೇಸರ್ ಆರಿ ಮತ್ತೆ ಹೊತ್ತಿ, ಹಾಡಿನ ಜಾಗಗಳು ಅತ್ತಿತ್ತ ಸರಿಯುತ್ತವೆ. ಬರೆದು ಮುಗಿದ ಮೇಲೆ ವೆರಿಫೈ ಮಾಡಿಸಿ. ಆದರೆ ವೆರಿಫೈ ಪಾಸಾದರೆ ನಿಮ್ಮ ರೈಟರಿಗೆ ಅದನ್ನು ಓದಲು ಬಂತು ಎಂದಷ್ಟೇ ಅರ್ಥ. ಕನ್ಸೋಲಿನ ಲೆನ್ಸ್ ಅಷ್ಟು ಚುರುಕಿರುವುದಿಲ್ಲ.

ಯುರೋಪಿನ ಪಾಲ್ (ಅಲ್ಲಿನ ಟಿವಿ ಪದ್ಧತಿ) ಆವೃತ್ತಿಯ ಕೆಲವು ಗೇಮ್‌ಗಳಲ್ಲಿ ಲಿಬ್‌ಕ್ರಿಪ್ಟ್ ಎಂಬ ಇನ್ನೊಂದು ಬೀಗವಿದೆ. ಅಂಥವು ಬಿನ್-ಕ್ಯೂ ದಾರಿಯಲ್ಲಿ ಕಾಪಿಯಾದರೂ ನಡುವೆ ಎಲ್ಲೋ ನಿಂತುಬಿಡುತ್ತವೆ. ನಿಮ್ಮದು ಪಾಲ್ ಕನ್ಸೋಲ್ ಆದ್ದರಿಂದ ಇದು ಎದುರಾಗಬಹುದು, ಡಿಸ್ಕನ್ನು ಬೈಯಬೇಡಿ.

ಲೇಸರ್ ಸುಡುತ್ತದೆಯೇ

ಇಲ್ಲ. ಕನ್ಸೋಲಿನ ಲೇಸರ್ ಪಕ್ಕದಲ್ಲೇ ಒಂದು ಸಣ್ಣ ಸೆನ್ಸರ್ ಇದ್ದು, ಹೊರಬರುವ ಬೆಳಕನ್ನು ಅಳೆದು ಅದನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಡಿಸ್ಕ್ ಮಂಕಾಗಿದೆ ಎಂದು ಲೇಸರ್ ತನ್ನ ಶಕ್ತಿ ಏರಿಸಿಕೊಳ್ಳುವುದಿಲ್ಲ. ನಿಜವಾಗಿ ಆಗುವುದು, ಓದಲು ಬರದಿದ್ದಾಗ ಅದೇ ಜಾಗಕ್ಕೆ ಮತ್ತೆ ಮತ್ತೆ ಮರಳುವುದು. ಇದರಿಂದ ಲೆನ್ಸನ್ನು ಎತ್ತಿ ಇಳಿಸುವ ಸುರುಳಿ, ಸರಿಸುವ ಮೋಟರು, ಹಲ್ಲುಗಾಲಿ ಸವೆಯುತ್ತವೆ. ಚೆನ್ನಾಗಿ ಬರೆದ ಡಿಸ್ಕಿನಲ್ಲಿ ಆ ಓಡಾಟವೂ ಇಲ್ಲ. ನಿಮ್ಮ ಗೆಳೆಯರು ನೋಡಿರುವುದು ಬಹುಶಃ ಇದು: ಇಪ್ಪತ್ತೈದು ವರ್ಷದ ಲೇಸರ್ ಮೊದಲೇ ಸೋತಿರುತ್ತದೆ, ಒರಿಜಿನಲ್ ಇನ್ನೂ ಓದುತ್ತಿರುತ್ತದೆ, ಬರೆದ ಡಿಸ್ಕ್ ಹಾಕಿದ ದಿನ ಸೋಲು ಬಯಲಿಗೆ ಬರುತ್ತದೆ.

ನಮ್ಮ ಕಡೆ ಧೂಳಿನ ಪಾಲು ದೊಡ್ಡದು. ಬೇಸಿಗೆಯ ಗಾಳಿಗೆ ಏಳುವ ಎರೆಮಣ್ಣಿನ ಪುಡಿ, ಹತ್ತಿ ಜಿನ್ನಿಂಗ್ ಇರುವ ಕಡೆ ಎಳೆಗಳು, ಎಲ್ಲ ಲೆನ್ಸಿನ ಮೇಲೆ ಕೂರುತ್ತವೆ. ಹತ್ತಿ ಸುತ್ತಿದ ಕಡ್ಡಿಗೆ 99 ಪ್ರತಿಶತದ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿ, ಒತ್ತದೆ ಲೆನ್ಸ್ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ. ಥಿನ್ನರ್, ಅಸಿಟೋನ್ ಬೇಡವೇ ಬೇಡ, ಲೆನ್ಸ್ ಪ್ಲಾಸ್ಟಿಕ್ಕಿನದು. ಸ್ಯಾನಿಟೈಸರ್ ಕೂಡ ಬೇಡ, ಅಂಟಿನ ಪೊರೆ ಉಳಿಯುತ್ತದೆ.

ಲೆನ್ಸಿನ ಪಕ್ಕದ ಸಣ್ಣ ತಿರುಪನ್ನು ತಿರುಗಿಸಿದರೆ ಎಲ್ಲ ಓದುತ್ತದೆ ಎಂದು ಹೇಳುವವರಿದ್ದಾರೆ. ತಿರುಗಿಸಿದರೆ ಲೇಸರಿನ ಕರೆಂಟು ಏರುತ್ತದೆ, ಕೆಲವು ದಿನ ಓದುತ್ತದೆ, ಆಮೇಲೆ ಲೇಸರ್ ನಿಜವಾಗಿಯೂ ಸುಡುತ್ತದೆ. ಗೆಳೆಯರ ಮಾತು ಖರೆಯಾಗುವುದು ಇಲ್ಲಿ ಮಾತ್ರ.

ಡ್ರೀಮ್‌ಕಾಸ್ಟ್

ನಿಮ್ಮ ಒರಿಜಿನಲ್ ಡಿಸ್ಕ್ ಸೀಡಿ ಅಲ್ಲ, ಸುಮಾರು 1 ಜಿಬಿ ಹಿಡಿಸುವ ಜಿಡಿ-ರಾಮ್. ಒಳಭಾಗದ ಸಣ್ಣ ಪಟ್ಟಿ ಮಾತ್ರ ಮಾಮೂಲಿ ಸೀಡಿಯಂತಿದ್ದು, ಗೇಮೆಲ್ಲ ಹೊರಗಿನ ದಟ್ಟ ಭಾಗದಲ್ಲಿರುತ್ತದೆ. ಲ್ಯಾಪ್‌ಟಾಪಿನ ಡ್ರೈವಿಗೆ ಒಳಗಿನ ಪಟ್ಟಿಯಷ್ಟೇ ಕಾಣುತ್ತದೆ. ಪ್ರತಿ ತೆಗೆಯಬೇಕಾದರೆ ಕನ್ಸೋಲನ್ನೇ ಓದುವ ಯಂತ್ರವಾಗಿ ಬಳಸಿ, ಹಿಂಬದಿಯ ಸೀರಿಯಲ್ ಪೋರ್ಟಿಗೆ ಎಸ್‌ಡಿ ಕಾರ್ಡ್ ಅಡಾಪ್ಟರ್ ಹಚ್ಚಿ ತೆಗೆಯಬೇಕು. ಬಹಳ ಹೊತ್ತು ಹಿಡಿಯುತ್ತದೆ. ತೆಗೆದರೂ 1 ಜಿಬಿಯದು 700 ಎಂಬಿ ಸೀಡಿಗೆ ಹಿಡಿಯದಿದ್ದರೆ ವಿಡಿಯೋ, ಹಾಡಿನ ಗುಣಮಟ್ಟ ಇಳಿಸಬೇಕು. ಹಾಗೆ ಇಳಿಸಿದ ಇಮೇಜಿನ ವಿಡಿಯೋ ಯಾವ ಡಿಸ್ಕಿನಲ್ಲಿ ಬರೆದರೂ ತಡೆಯುವುದುಂಟು.

ಹವ್ಯಾಸಿಗಳು ಮಾಡಿ ಹಂಚುವ ಸ್ವತಂತ್ರ ಗೇಮ್‌ಗಳಿಗೆ ಮಾತ್ರ ಸೀಡಿ-ಆರ್ ಸರಿಯಾದ ದಾರಿ. ಕನ್ಸೋಲಿನ ತಳದ ಚೀಟಿಯಲ್ಲಿ ವೃತ್ತದೊಳಗೆ 0 ಅಥವಾ 1 ಇದ್ದರೆ ಮಿಲ್-ಸಿಡಿ ಎಂಬ ಬಗೆಯ ಸೀಡಿ ಓಡಿಸುವ ಸೌಲಭ್ಯದಿಂದ ಚಿಪ್ ಇಲ್ಲದೆಯೇ ಓಡುತ್ತದೆ. 2 ಇದ್ದರೆ ಓಡದಿರುವ ಸಾಧ್ಯತೆ ಹೆಚ್ಚು. ಇಮೇಜ್ ಸಿಡಿಐ ರೂಪದಲ್ಲಿ ಬರುತ್ತದೆ. ಅದರಲ್ಲಿ ಎರಡು ಸೆಷನ್ (ಬೇರೆ ಬೇರೆಯಾಗಿ ಬರೆದ ಭಾಗ) ಇರುವುದರಿಂದ ಡಿಸ್ಕ್‌ಜಗ್ಲರ್ ಬೇಕು, ಇಲ್ಲವೇ ಇಮ್ಗ್‌ಬರ್ನ್‌ಗೆ ಸಿಡಿಐ ಪ್ಲಗಿನ್ ಸೇರಿಸಬೇಕು. ಬರೆಯುವ ವೇಗ ಇಲ್ಲೂ 16.

ಆಟದ ನಡುವೆ ತಾನಾಗಿ ಮೆನುವಿಗೆ ಮರಳುತ್ತಿದ್ದರೆ ಡಿಸ್ಕನ್ನು ಅನುಮಾನಿಸುವ ಮುಂಚೆ ಪವರ್ ಸಪ್ಲೈ ಬೋರ್ಡ್ ಕೂರುವ ಪಿನ್‌ಗಳನ್ನು ನೋಡಿ. ಅವು ಕಿಲುಬು ಹಿಡಿದರೂ ಹೀಗೇ ಆಗುತ್ತದೆ. ಪ್ಲಗ್ ಕಿತ್ತು ಬಹಳ ಹೊತ್ತು ಬಿಟ್ಟ ಮೇಲೆಯೇ ತೆರೆಯಿರಿ, ಆ ಬೋರ್ಡಿನಲ್ಲಿ 230 ವೋಲ್ಟಿನ ಭಾಗವಿದೆ.

ಪಿಎಸ್2

ಡಿವಿಡಿ ಮೈನಸ್ ಆರ್ ತಗೊಳ್ಳಿ, 16 ಎಕ್ಸ್ ಎಂದು ಬರೆದದ್ದು. ಬರೆಯುವುದು 8ರಲ್ಲಿ, ಪೂರ್ತಿ ಡಿಸ್ಕಿಗೆ ಎಂಟೊಂಬತ್ತು ನಿಮಿಷ. ಡ್ರೈವ್ 4 ಕೊಟ್ಟರೆ ಅದರಲ್ಲೂ ಒಂದು ಮಾಡಿ ಹೋಲಿಸಿ ನೋಡಬಹುದು, 16 ಬೇಡ. ಪ್ಲಸ್ ಆರ್ ಕೆಟ್ಟದ್ದೇನಲ್ಲ. ಅದಕ್ಕೊಂದು ಅನುಕೂಲವೂ ಇದೆ: ರೈಟರ್ ಒಪ್ಪಿದರೆ ಬುಕ್ ಟೈಪ್ (ಡಿಸ್ಕಿನ ಬಗೆ ಹೇಳುವ ಗುರುತು) ಬದಲಿಸಿ ತಾನು ಡಿವಿಡಿ-ರಾಮ್ ಎಂದು ಡಿಸ್ಕ್ ಹೇಳಿಕೊಳ್ಳುವಂತೆ ಮಾಡಬಹುದು. ನಿಮ್ಮ ರೈಟರ್ ಅದನ್ನು ಮಾಡದಿದ್ದರೆ ಮೈನಸ್ ಆರ್‌ಗೇ ಅಂಟಿಕೊಳ್ಳಿ. 8.5 ಜಿಬಿಯ ಎರಡು ಪದರದ ಡಿಸ್ಕ್ ದುಬಾರಿ, ಪದರ ಬದಲಾಗುವ ಜಾಗದಲ್ಲಿ ಎಡವುವುದು ಹೆಚ್ಚು, ನಾನಾದರೆ ಕೊಳ್ಳುವುದಿಲ್ಲ. ತಳ ನೀಲಿಯಾಗಿರುವ ಪಿಎಸ್2 ಒರಿಜಿನಲ್‌ಗಳು ಸೀಡಿಗಳು, ಅವನ್ನು ಸೀಡಿ-ಆರ್‌ಗೇ ಬರೆಯಬೇಕು. ಪಿಎಸ್2 ಸೀಡಿಯನ್ನು 24 ಎಕ್ಸ್‌ನಲ್ಲಿ ತಿರುಗಿಸುತ್ತದೆ, ತೂಕ ಸಮವಿಲ್ಲದ ಡಿಸ್ಕ್ ಇಲ್ಲಿ ಗಡಗಡ ಸದ್ದು ಮಾಡಿ ಸಿಕ್ಕಿಬೀಳುತ್ತದೆ.

ಬರೆದ ಡಿಸ್ಕನ್ನು ಸ್ಲಿಮ್ ನೇರವಾಗಿ ಒಪ್ಪುವುದಿಲ್ಲ, ಫ್ರೀ ಎಂಸಿ ಬೂಟ್ (ಮೆಮೊರಿ ಕಾರ್ಡಿನಿಂದ ಬೇರೆ ಪ್ರೋಗ್ರಾಮ್ ಶುರುಮಾಡಿಸುವ ಸಾಫ್ಟ್‌ವೇರ್) ಹಾಕಿದ ಮೆಮೊರಿ ಕಾರ್ಡ್ ಮತ್ತು ಬರೆದ ಡಿವಿಡಿ ಓಡಿಸುವ ಇಎಸ್ಆರ್ ಎಂಬ ಪ್ರೋಗ್ರಾಮ್ ಬೇಕು. ಮಾಡೆಲ್ ಎಸ್‌ಸಿಪಿಎಚ್-90000 ಸರಣಿಯ ಕೊನೆಯ ತಯಾರಿಕೆಯದಾದರೆ ಫ್ರೀ ಎಂಸಿ ಬೂಟ್ ಕೆಲಸ ಮಾಡದು, ಅದೇ ಕೆಲಸ ಮಾಡುವ ಓಪನ್‌ಟ್ಯೂನಾ ನೋಡಬೇಕು. ಇಷ್ಟೆಲ್ಲ ಮಾಡುವುದಾದರೆ ಡಿಸ್ಕಿನ ಗೊಡವೆಯನ್ನೇ ಬಿಡಬಹುದು: ಸ್ಲಿಮ್‌ನ ಹಿಂದಿರುವ ನೆಟ್‌ವರ್ಕ್ ಪೋರ್ಟಿನಿಂದ ಕಂಪ್ಯೂಟರಿಗೆ ಕೇಬಲ್ ಎಳೆದು ಓಪನ್ ಪಿಎಸ್2 ಲೋಡರ್‌ನಲ್ಲಿ ಆಡಿ. ಮುಂದಿನ ಯುಎಸ್‌ಬಿ ಪೋರ್ಟ್ 1.1ರದು, ಪೆನ್‌ಡ್ರೈವಿನಿಂದ ಆಡಿದರೆ ವಿಡಿಯೋ ತಡೆಯುತ್ತದೆ.

ಪಿಎಸ್1 ಮತ್ತು ಡ್ರೀಮ್‌ಕಾಸ್ಟಿಗೂ ಡಿಸ್ಕ್ ಡ್ರೈವ್ ಬದಲು ಎಸ್‌ಡಿ ಕಾರ್ಡ್ ಹಾಕುವ ಬೋರ್ಡುಗಳಿವೆ. ಸೀಡಿ ಡಬ್ಬಿಗಿಂತ ಎಷ್ಟೋ ಪಟ್ಟು ದುಬಾರಿ. ಕೊಳ್ಳುವ ಮುಂಚೆ ಮಾಡೆಲ್ ಹೊಂದಾಣಿಕೆ ನೋಡಿ: ಪಿಎಸ್1ರ 9000 ಸರಣಿಯಲ್ಲಿ ಹಿಂದಿನ ಪ್ಯಾರಲಲ್ ಪೋರ್ಟ್ ತೆಗೆದುಹಾಕಿದ್ದಾರೆ, ಅದಕ್ಕೆ ಚುಚ್ಚುವ ಪಿಎಸ್‌ಐಒ ಎಂಬ ಬೋರ್ಡು ನಿಮ್ಮದಕ್ಕೆ ಬರುವುದಿಲ್ಲ. ಡ್ರೀಮ್‌ಕಾಸ್ಟಿಗೆ ಬರುವ ಜಿಡಿಇಎಂಯು ಎಂಬುದು ವಿಎ1 ಮದರ್‌ಬೋರ್ಡಿಗೆ (ತಳದ ಚೀಟಿಯಲ್ಲಿ 1 ಇರುವುದು) ಮಾಡಿದ್ದು.

ಕಾನೂನಿನ ಮಾತು ಎರಡೇ ಸಾಲು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಕಾನೂನುಬದ್ಧವಾಗಿ ತನ್ನ ಬಳಿ ಇರುವ ಕಂಪ್ಯೂಟರ್ ಪ್ರೋಗ್ರಾಮಿಗೆ ಕಳೆದುಹೋಗದಂತೆ, ಹಾಳಾಗದಂತೆ ತಾತ್ಕಾಲಿಕ ರಕ್ಷಣೆಗಾಗಿ ಪ್ರತಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಆ ಪ್ರತಿಯನ್ನು ಹಂಚುವುದು, ಮಾರುವುದು, ಬೇರೆಯವರ ಗೇಮ್ ಇಳಿಸಿಕೊಂಡು ಬರೆಯುವುದು ಅದರೊಳಗೆ ಬರುವುದಿಲ್ಲ.

ಈಗ ನೀವು ಮಾಡಬೇಕಾದ್ದು

ತಂದ ಡಬ್ಬಿಯನ್ನು ಬಿಸಾಡಬೇಡಿ. ರೈಟರಿಗೆ ಸರಿಯಾದ ಕರೆಂಟು ಕೊಟ್ಟು, ಒಂದೇ ಪಿಎಸ್1 ಗೇಮಿನ ಬಿನ್-ಕ್ಯೂ ಇಟ್ಟುಕೊಂಡು, 10, 16, 24 ಮೂರರಲ್ಲೂ ಒಂದೊಂದು ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಡಿಸ್ಕ್, ವೇಗ, ಫೈಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಗೆದ್ದಿತೆಂದು ತಿಳಿಯುವುದಿಲ್ಲ. ಮೂರಕ್ಕೂ ಅದೇ ವಿಡಿಯೋ ಓಡಿಸಿ, ಗೇಮಿನ ಕೊನೆಯ ಟ್ರ್ಯಾಕಿನ ಹಾಡನ್ನೂ ಕೇಳಿ. ಅದು ಹೊರ ಅಂಚಿನಲ್ಲಿರುತ್ತದೆ, ಬರೆಯುವಾಗ ಹೆಚ್ಚು ಕೆಡುವ ಜಾಗ ಅದು. ಎರರ್ ಅಳೆಯುವ ಡ್ರೈವ್ ಸಿಕ್ಕರೆ ಅದು ಎರಡು ಬಗೆ ತೋರಿಸುತ್ತದೆ: ಸುಲಭವಾಗಿ ತಿದ್ದಬಹುದಾದ ಸಿ1, ಅದಕ್ಕಿಂತ ಕೆಟ್ಟ ಸಿ2. ಸಿ2 ಎಲ್ಲೂ ಇರಕೂಡದು. ಸಿ1ಗೆ ಮಾನದಂಡದ ಮಿತಿ ಸೆಕೆಂಡಿಗೆ 220. ಹಳೆಯ ಕನ್ಸೋಲಿಗೆ ಅದು ಬಹಳ ಧಾರಾಳ, ಸರಾಸರಿ ಎರಡಂಕಿಯೊಳಗೆ ಇದ್ದರೆ ಚೆನ್ನ.

ಮೂರೂ ತಡೆದರೆ ಹುಬ್ಬಳ್ಳಿಗೆ ಹೋದಾಗ ಇನ್ನೊಂದು ಡಬ್ಬಿ ತರಬೇಡಿ, ಬೇರೆ ತಯಾರಕರ ಐದಾರು ಬಿಡಿ ಡಿಸ್ಕ್ ತನ್ನಿ, ಅದೇ ಪರೀಕ್ಷೆ ಮಾಡಿ. ಹಳೆಯ ಡಬ್ಬಿ ಕಾರಿನ ಹಾಡಿಗೆ ಆದೀತು.

ಬರೆದ ಡಿಸ್ಕಿನ ಮೇಲೆ ಕಾಗದದ ಚೀಟಿ ಅಂಟಿಸಬೇಡಿ, ತೂಕ ತಪ್ಪುತ್ತದೆ. ಬಾಲ್‌ಪೆನ್ನಿನಿಂದ ಬರೆಯಬೇಡಿ. ಸೀಡಿಯ ಮಾಹಿತಿ ಇರುವುದು ತಳದಲ್ಲಲ್ಲ, ಮೇಲಿನ ತೆಳು ಅರಗಿನ ಪದರದ ಕೆಳಗೇ. ಪೆನ್ನಿನ ಒತ್ತಿಗೆ ಅದು ಹಾಳಾಗುತ್ತದೆ. ಸೀಡಿ ಮಾರ್ಕರಿನಿಂದ ನಡುವಿನ ಪಾರದರ್ಶಕ ಉಂಗುರದ ಮೇಲೆ ಗೇಮಿನ ಹೆಸರು, ವೇಗ, ಡಬ್ಬಿಯ ಗುರುತು ಬರೆದು, ಬಿಸಿಲು ಬೀಳದ ಕಪಾಟಿನಲ್ಲಿ ನಿಲ್ಲಿಸಿಡಿ.